ಮುಳ್ಳುಚೆಂಡಿನ ಮೊಟ್ಟೆ ಮತ್ತು ಕ್ಯಾನ್ಸರ್: ಥಿಯೋಡೋರ್ ಬೊವೆರಿ ಅವರ ಬದುಕು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಕೋಶವಿಭಜನೆಯ ಪಾಠ. ಸಾಗರದ ಹಾಸ್ಟೆಲ್ ಕೋಣೆಯಲ್ಲಿ ಕೂತು ಪಾಠ ಯೋಜನೆ ಬರೆದಿದ್ದೆ, ಚಾರ್ಟ್ ಮಾಡಿದ್ದೆ, ಮೌಲ್ಯಮಾಪನಕ್ಕೆ ಐದು ಪ್ರಶ್ನೆಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಕೋಶವಿಭಜನೆ ಅಂಕೆ ತಪ್ಪಿದರೆ ಕ್ಯಾನ್ಸರ್ ಆಗುತ್ತದೆ ಎಂಬ ಒಂದು ವಾಕ್ಯ ಪಾಠದ ಕೊನೆಯಲ್ಲಿತ್ತು. ಅದನ್ನು ಹೇಳಿ ಮುಂದೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜಯ್ಯ ಹಿಂದಿನ ಮಳೆಗಾಲದಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅದು ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ಅಡಿಕೆಗೆ ಕೊಳೆರೋಗ ಬಂದ ಹಾಗೆ ಹೊರಗಿನಿಂದ ಬಂತೋ, ಹಾಗೆ ಬಂದಿದ್ದರೆ ಅಜ್ಜಯ್ಯನ ತಟ್ಟೆಯಲ್ಲೇ ಉಂಡ ತನಗೂ ತಮ್ಮನಿಗೂ ಬರುತ್ತದೋ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ಒಳ್ಳೆಯ ಪ್ರಶ್ನೆ, ಆಮೇಲೆ ನೋಡೋಣ ಎಂದು ಹೇಳಿ ನಾನು ಮೌಲ್ಯಮಾಪನದ ಮೊದಲ ಪ್ರಶ್ನೆಗೆ ಹೋದೆ. ಪಾಠ ಸರಿಯಾಗಿ ನಲವತ್ತು ನಿಮಿಷಕ್ಕೆ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆಗೆ ಪೂರ್ತಿ ಅಂಕ ಬಂತು. ಆ ವಾರದ ಕೊನೆಗೆ ಹೊಸನಗರದ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಮಾತ್ರ ಒಂದು ವಿಷಯ ಸ್ಪಷ್ಟವಾಯಿತು. ಸಮಯ ಇದ್ದಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಬಿಎಸ್ಸಿ ಪಾಸು ಮಾಡಿದ್ದೇನೆ, ಕ್ಯಾನ್ಸರ್ ಅಂಟುರೋಗವಲ್ಲ ಎಂಬುದು ಗೊತ್ತು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಹದಿನಾಲ್ಕು ವರ್ಷದ ಹುಡುಗಿಗೆ ಹೇಳುವಷ್ಟು ನನಗೇ ಅರ್ಥವಾಗಿರಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದವರು ಥಿಯೋಡೋರ್ ಬೊವೆರಿ. ಅವರ ಹೆಸರು ನಮಗೆಲ್ಲ ಪರಿಚಿತವೇ. ವರ್ಣತಂತು ಸಿದ್ಧಾಂತಕ್ಕೆ ಸಟನ್ ಮತ್ತು ಬೊವೆರಿ ಎಂದು ಬರೆದರೆ ಪರೀಕ್ಷೆಯಲ್ಲಿ ಎರಡು ಅಂಕ. ಆ ಎರಡು ಅಂಕದ ಹಿಂದೆ ಇಷ್ಟು ದೊಡ್ಡ ಬದುಕಿದೆ ಎಂದು ನಾನು ತಿಳಿದಿರಲಿಲ್ಲ.

ಬೊವೆರಿ ಹುಟ್ಟಿದ್ದು 1862ರ ಅಕ್ಟೋಬರ್ 12ರಂದು, ಜರ್ಮನಿಯ ಬವೇರಿಯಾ ಪ್ರಾಂತದ ಬಾಂಬೆರ್ಗ್ ಎಂಬ ಊರಿನಲ್ಲಿ. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ಅವರ ತಮ್ಮ ವಾಲ್ಟರ್ ಬೊವೆರಿ ಎಂಜಿನಿಯರ್ ಆಗಿ 1891ರಲ್ಲಿ ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ ಚಾರ್ಲ್ಸ್ ಬ್ರೌನ್ ಜೊತೆ ಸೇರಿ ವಿದ್ಯುತ್ ಯಂತ್ರಗಳ ಕಂಪನಿ ಕಟ್ಟಿದರು. ಬೆಂಗಳೂರಿನ ಪೀಣ್ಯ ಕಡೆ ಹೋದವರು ಎಬಿಬಿ ಎಂಬ ಫಲಕ ನೋಡಿರುತ್ತೀರಿ. ಅದರ ಕೊನೆಯ ‘ಬಿ’ ಈ ಮನೆತನದ ಹೆಸರೇ. ಅಣ್ಣನ ಹೆಸರು ನಮಗೆ ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಉಳಿಯಿತು.

ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿದಾಗ ಅವರು ಆರಿಸಿಕೊಂಡದ್ದು ಇತಿಹಾಸ ಮತ್ತು ತತ್ತ್ವಶಾಸ್ತ್ರ. ಬೇಗನೇ ಅದನ್ನು ಬಿಟ್ಟು ಅಂಗರಚನಾಶಾಸ್ತ್ರಕ್ಕೆ ಬಂದರು. 1885ರಲ್ಲಿ ನರತಂತುಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಅದೇ ವರ್ಷ ಅವರಿಗೆ ಹಲವು ವರ್ಷಗಳ ಕಾಲ ನಡೆಯುವ ಒಂದು ವಿದ್ಯಾರ್ಥಿವೇತನ ಸಿಕ್ಕಿತು. ತಿಂಗಳ ಖರ್ಚಿನ ಚಿಂತೆ ತಪ್ಪಿತು. ಅವರು ರಿಚರ್ಡ್ ಹೆರ್ಟ್‌ವಿಗ್ ಅವರ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂತರು. ನಮ್ಮಲ್ಲೂ ಎಷ್ಟೋ ಜನ ಬಿಎಡ್ ಮಾಡುವುದೋ, ಎಂಎಸ್ಸಿ ಮಾಡುವುದೋ ಎಂಬುದನ್ನು ತಿಂಗಳ ಖರ್ಚು ನೋಡಿಯೇ ತೀರ್ಮಾನಿಸಿದವರು. ಹಾಗಾಗಿ ಈ ವಿವರ ನನ್ನ ಕಣ್ಣಿಗೆ ಬಿತ್ತು.

ಆ ಕಾಲಕ್ಕೆ ವರ್ಣತಂತುಗಳನ್ನು ಜನ ನೋಡಿದ್ದರು, ಆದರೆ ಅವು ಏನೆಂದು ಗೊತ್ತಿರಲಿಲ್ಲ. ಕೋಶ ವಿಭಜನೆಯಾಗುವಾಗ ಬಣ್ಣ ಹೀರುವ ದಾರಗಳು ಕಾಣಿಸಿಕೊಳ್ಳುತ್ತವೆ, ವಿಭಜನೆ ಮುಗಿದ ಮೇಲೆ ಮಾಯವಾಗುತ್ತವೆ. ಮಾಯವಾದವು ಕರಗಿಹೋಗುತ್ತವೆಯೇ, ಮುಂದಿನ ಸಲ ಕಾಣುವುದು ಹೊಸ ದಾರಗಳೇ, ಅಥವಾ ಹಳೆಯವೇ ಮತ್ತೆ ಹೊರಗೆ ಬರುತ್ತವೆಯೇ? ಬೊವೆರಿ ಇದಕ್ಕೆ ಆರಿಸಿಕೊಂಡ ಪ್ರಾಣಿ ಕುದುರೆಯ ಕರುಳಿನ ಜಂತುಹುಳು. ಕೇಳಲು ಅಸಹ್ಯ, ಆದರೆ ಆಯ್ಕೆ ಬಹಳ ಜಾಣತನದ್ದು. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಈ ಹುಳುವಿನ ನಿಶೇಚಿತ ಮೊಟ್ಟೆಯಲ್ಲಿ ಇರುವುದು ಕೇವಲ ನಾಲ್ಕು, ಕೆಲವು ಬಗೆಯಲ್ಲಿ ಎರಡೇ. ಪ್ರತಿಯೊಂದನ್ನೂ ಬೆರಳಿಟ್ಟು ತೋರಿಸಬಹುದು. ವಿಭಜನೆಯ ಕೊನೆಯಲ್ಲಿ ದಾರದ ತುದಿಗಳು ಕೋಶಕೇಂದ್ರದಲ್ಲಿ ಎಲ್ಲಿ ಅಡಗಿದವೋ, ಮುಂದಿನ ವಿಭಜನೆಯಲ್ಲಿ ಅಲ್ಲಿಂದಲೇ ಹೊರಗೆ ಬರುವುದನ್ನು ಅವರು ಕಂಡರು. ಅಂದರೆ ವರ್ಣತಂತುಗಳು ಕಾಣದಿದ್ದಾಗಲೂ ಇರುತ್ತವೆ, ಒಂದೊಂದಕ್ಕೂ ತನ್ನದೇ ಅಸ್ತಿತ್ವವಿದೆ. ವಿಭಜನೆಯಾಗುವ ಕೋಶದ ಎರಡು ಧ್ರುವಗಳಲ್ಲಿ ಕೂತು ವರ್ಣತಂತುಗಳ ಹಂಚಿಕೆಯನ್ನು ನಡೆಸುವ ಪುಟ್ಟ ರಚನೆಗೆ ಸೆಂಟ್ರೋಸೋಮ್ ಎಂದು ಹೆಸರಿಟ್ಟವರೂ ಅವರೇ, 1888ರಲ್ಲಿ. ನಾವು ಚಾರ್ಟಿನಲ್ಲಿ ನಕ್ಷತ್ರದ ಹಾಗೆ ಬರೆಯುತ್ತೇವಲ್ಲ, ಅದು.

1890ರ ಸುಮಾರಿಗೆ ಅವರ ಆರೋಗ್ಯ ಕೆಟ್ಟಿತು. ಮನಸ್ಸು ಕುಗ್ಗಿತು, ಕೀಲುಗಳಲ್ಲಿ ನೋವು, ಕೆಲಸ ನಿಂತಿತು. ಚೇತರಿಸಿಕೊಂಡರು, ಆದರೆ ಪೂರ್ತಿ ಅಲ್ಲ. ಆಮೇಲಿನ ಬದುಕಿನುದ್ದಕ್ಕೂ ಇದು ಬಿಟ್ಟು ಬಿಟ್ಟು ಬರುತ್ತಲೇ ಇತ್ತು. 1893ರಲ್ಲಿ, ಮೂವತ್ತು ದಾಟಿದ ಹೊಸತರಲ್ಲೇ, ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ ಅಲ್ಲೇ ಉಳಿದರು. ಪಿಯಾನೋ ನುಡಿಸುತ್ತಿದ್ದರು, ಚಿತ್ರ ಬರೆಯುತ್ತಿದ್ದರು. ಅವರ ಕೋಶಗಳ ಚಿತ್ರಗಳು ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುವುದಕ್ಕೆ ಆ ಕೈಯ ಅಭ್ಯಾಸವೂ ಒಂದು ಕಾರಣ ಇರಬೇಕು.

1896ರಲ್ಲಿ ಅವರ ಪ್ರಯೋಗಾಲಯಕ್ಕೆ ಅಮೆರಿಕದಿಂದ ಒಬ್ಬ ಶಿಕ್ಷಕಿ ಬಂದರು. ಹೆಸರು ಮಾರ್ಸೆಲಾ ಓಗ್ರೇಡಿ. 1885ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಜೀವವಿಜ್ಞಾನದಲ್ಲಿ ಪದವಿ ಪಡೆದ ಮೊದಲ ಮಹಿಳೆ ಅವರು. ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದವರು, ಕಲಿಸುವ ಕೆಲಸಕ್ಕೆ ಬಿಡುವು ಕೊಟ್ಟು ಮತ್ತೆ ವಿದ್ಯಾರ್ಥಿನಿಯಾಗಿ ಬಂದಿದ್ದರು. ಆವರೆಗೆ ವ್ಯೂರ್ಟ್ಸ್‌ಬುರ್ಗ್‌ನ ವಿಜ್ಞಾನ ವಿಭಾಗದಲ್ಲಿ ಹೆಣ್ಣುಮಕ್ಕಳು ಓದಿದ್ದಿಲ್ಲ. ಮರುವರ್ಷ ಇಬ್ಬರೂ ಮದುವೆಯಾದರು. 1900ರಲ್ಲಿ ಮಗಳು ಮಾರ್ಗ್ರೆಟ್ ಹುಟ್ಟಿದಳು, ಮುಂದೆ ಪತ್ರಕರ್ತೆಯಾಗಿ ಹೆಸರಾದಳು. ಮಾರ್ಸೆಲಾ ಗಂಡನ ಪ್ರಯೋಗಗಳಲ್ಲಿ ಜೊತೆಗೇ ದುಡಿದರು. ಹೆಚ್ಚಿನ ಪ್ರಬಂಧಗಳ ಮೇಲೆ ಇರುವುದು ಒಬ್ಬರ ಹೆಸರು ಮಾತ್ರ. ಆ ಕಾಲ ಹಾಗಿತ್ತು ಎಂದು ಹೇಳಿ ಮುಗಿಸಿಬಿಡುತ್ತಾರೆ, ನನಗೆ ಅದು ಸಾಲದು ಅನ್ನಿಸುತ್ತದೆ.

ಈಗ ಅವರ ಮುಖ್ಯ ಪ್ರಯೋಗ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು.

ಇಟಲಿಯ ನೇಪಲ್ಸ್ ಊರಿನ ಸಮುದ್ರದಂಡೆಯಲ್ಲಿ ಒಂದು ಪ್ರಾಣಿಶಾಸ್ತ್ರ ಕೇಂದ್ರವಿದೆ. ಬೊವೆರಿ ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಅವರ ಕೆಲಸ ಸೀ ಅರ್ಚಿನ್ ಜೊತೆ. ಮೈತುಂಬ ಮುಳ್ಳಿರುವ ಚೆಂಡಿನಂಥ ಈ ಸಮುದ್ರಪ್ರಾಣಿಯನ್ನು ನಾವು ಕಂಟಕಚರ್ಮಿಗಳ ಪಟ್ಟಿಯಲ್ಲಿ ಓದಿದ್ದೇವೆ. ಇದರ ಮೊಟ್ಟೆ ಮತ್ತು ವೀರ್ಯಾಣುಗಳನ್ನು ಒಂದು ಲೋಟ ಸಮುದ್ರದ ನೀರಿನಲ್ಲಿ ಸೇರಿಸಿದರೆ ಕಣ್ಣೆದುರೇ ನಿಶೇಚನವಾಗುತ್ತದೆ. ಸಾಮಾನ್ಯವಾಗಿ ಒಂದು ಮೊಟ್ಟೆಗೆ ಒಂದೇ ವೀರ್ಯಾಣು. ವೀರ್ಯಾಣುಗಳು ಬಹಳ ಹೆಚ್ಚಾದರೆ ಕೆಲವು ಮೊಟ್ಟೆಗಳಿಗೆ ಎರಡು ಹೋಗುತ್ತವೆ. ಆಗ ಏನಾಗುತ್ತದೆ?

ಲೆಕ್ಕ ಹಾಕಿ. ಮೊಟ್ಟೆಯಿಂದ 18 ವರ್ಣತಂತುಗಳು, ಒಂದೊಂದು ವೀರ್ಯಾಣುವಿನಿಂದ 18. ಒಟ್ಟು 36 ಇರಬೇಕಾದಲ್ಲಿ 54. ಇದರ ಜೊತೆಗೆ ಎರಡು ಧ್ರುವಗಳಿರಬೇಕಾದಲ್ಲಿ ನಾಲ್ಕು ಧ್ರುವಗಳಾಗುತ್ತವೆ. ಮೊಟ್ಟೆ ಒಂದೇ ಸಲಕ್ಕೆ ನಾಲ್ಕು ಕೋಶಗಳಾಗಿ ಒಡೆಯುತ್ತದೆ. 54 ವರ್ಣತಂತುಗಳು ಎರಡೆರಡಾಗಿ ಸೀಳಿ ನಾಲ್ಕು ಕಡೆಗೆ ಎಳೆಯಲ್ಪಡುತ್ತವೆ. ಯಾವುದು ಯಾವ ಕಡೆಗೆ ಹೋಗುತ್ತದೆ ಎಂಬುದಕ್ಕೆ ಯಾವ ನಿಯಮವೂ ಇಲ್ಲ. ಒಂದು ಕೋಶಕ್ಕೆ ಕೆಲವು ವರ್ಣತಂತು ಹೆಚ್ಚು, ಇನ್ನೊಂದಕ್ಕೆ ಕೆಲವು ಇಲ್ಲವೇ ಇಲ್ಲ. ಇಂಥ ಮೊಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಟ್ಟು ಸಾಯುತ್ತವೆ.

ಸಾಯುತ್ತವೆ ಎಂಬುದು ಇತರರೂ ಕಂಡಿದ್ದೇ. ಬೊವೆರಿ ಕೇಳಿಕೊಂಡದ್ದು ಹೇಗೆ ಸಾಯುತ್ತವೆ ಎಂಬುದನ್ನು. ಕ್ಯಾಲ್ಸಿಯಂ ಇಲ್ಲದ ಸಮುದ್ರದ ನೀರಿನಲ್ಲಿ ಇಟ್ಟರೆ ಭ್ರೂಣದ ಕೋಶಗಳು ಒಂದನ್ನೊಂದು ಬಿಟ್ಟು ಬೇರೆಯಾಗುತ್ತವೆ. ಅವರು ಆ ನಾಲ್ಕು ಕೋಶಗಳನ್ನು ಬೇರೆ ಮಾಡಿ ಬೆಳೆಯಲು ಬಿಟ್ಟರು. ಸರಿಯಾದ ಮೊಟ್ಟೆಯ ನಾಲ್ಕು ಕೋಶಗಳನ್ನು ಹೀಗೆ ಬೇರೆ ಮಾಡಿದರೆ ನಾಲ್ಕೂ ಒಂದೇ ತರಹ ಬೆಳೆದು ನಾಲ್ಕು ಪುಟ್ಟ ಲಾರ್ವಾಗಳಾಗುತ್ತವೆ. ಎರಡು ವೀರ್ಯಾಣು ಹೊಕ್ಕ ಮೊಟ್ಟೆಯ ನಾಲ್ಕು ಕೋಶಗಳು ನಾಲ್ಕು ತರಹ ಬೆಳೆದವು. ಒಂದು ಬೇಗ ಸತ್ತರೆ ಇನ್ನೊಂದು ಸ್ವಲ್ಪ ದೂರ ಹೋಗಿ ವಿಕಾರವಾಯಿತು, ಮತ್ತೊಂದರಲ್ಲಿ ಒಂದು ಅಂಗ ಇದ್ದು ಇನ್ನೊಂದು ಇರಲಿಲ್ಲ. ನಾಲ್ಕೂ ಬಂದದ್ದು ಒಂದೇ ಮೊಟ್ಟೆಯಿಂದ, ಕೋಶದ್ರವ್ಯ ಒಂದೇ, ನೀರು ಒಂದೇ. ಬೇರೆಯಾಗಿದ್ದದ್ದು ವರ್ಣತಂತುಗಳ ಪಾಲು ಮಾತ್ರ. ಎಷ್ಟು ವರ್ಣತಂತು ಬಂತು ಎಂಬುದಕ್ಕಿಂತ ಯಾವ ಯಾವುದು ಬಂತು ಎಂಬುದೇ ಮುಖ್ಯ ಎಂದು ಅವರು ತೀರ್ಮಾನಿಸಿದರು. ಒಂದೊಂದು ವರ್ಣತಂತುವಿಗೂ ಬೇರೆ ಬೇರೆ ಕೆಲಸವಿದೆ, ಒಂದು ಇಲ್ಲದಿದ್ದರೆ ಇನ್ನೊಂದರಿಂದ ಅದನ್ನು ತುಂಬಲು ಆಗುವುದಿಲ್ಲ.

ಇದು 1902ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ವಾಲ್ಟರ್ ಸಟನ್ ಎಂಬ ಯುವಕ ಮಿಡತೆಯ ಕೋಶಗಳನ್ನು ನೋಡಿ, ಮೆಂಡೆಲ್ ಹೇಳಿದ ಅಂಶಗಳು ವರ್ಣತಂತುಗಳ ಮೇಲೇ ಇರಬೇಕೆಂದು ತೋರಿಸಿದ. ಇಬ್ಬರ ಹೆಸರೂ ಸೇರಿಕೊಂಡದ್ದು ಹೀಗೆ.

ಆಮೇಲೆ ಬೊವೆರಿ ತಮ್ಮ ತೀರ್ಮಾನವನ್ನು ಲೆಕ್ಕದಿಂದ ಪರೀಕ್ಷಿಸಲು ಒಂದು ಆಟ ಹೂಡಿದರು. ಸಂಖ್ಯೆ ಹಾಕಿದ ಗುಂಡುಗಳನ್ನು ತಟ್ಟೆಗೆ ಸುರಿದು, ಮೇಲೆ ಅಡ್ಡಪಟ್ಟಿ ಇಟ್ಟು ಭಾಗ ಮಾಡಿ, ಯಾವ ಭಾಗಕ್ಕೆ ಎಲ್ಲ ಸಂಖ್ಯೆಗಳೂ ಬಂದವು, ಎಲ್ಲಿ ಯಾವುದು ಬರಲಿಲ್ಲ ಎಂದು ಎಣಿಸುವುದು. ಎಷ್ಟು ಭ್ರೂಣಗಳು ಸರಿಯಾಗಿ ಬೆಳೆಯಬಹುದು ಎಂಬ ಅಂದಾಜು ಅದರಿಂದ ಸಿಗುತ್ತಿತ್ತು. ದೊಡ್ಡ ಪ್ರಾಧ್ಯಾಪಕರೊಬ್ಬರು ಗೋಲಿ ಆಡುವವರ ಹಾಗೆ ತಟ್ಟೆಯ ಮುಂದೆ ಕೂತು ಎಣಿಸುತ್ತಿದ್ದಾರೆ ಎಂದು ಕಲ್ಪಿಸಿಕೊಂಡಾಗ ನನಗೆ ಹುಣಸೆ ಬೀಜ ನೆನಪಾಯಿತು. ಅದರ ಮಾತು ಮುಂದೆ ಬರುತ್ತದೆ.

ಬೊವೆರಿಯವರ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹಲವರು ಅವರ ಕೈಕೆಳಗೆ ಸಂಶೋಧನೆ ಮಾಡಿದರು. ಅಮೆರಿಕದ ನೆಟ್ಟಿ ಸ್ಟೀವನ್ಸ್ ಅವರೂ ಅಲ್ಲಿಗೆ ಬಂದು ಕೆಲಸ ಕಲಿತು ಹೋದರು. ಹತ್ತನೇ ತರಗತಿಯಲ್ಲಿ ಲಿಂಗ ನಿರ್ಧಾರ ಕಲಿಸುವಾಗ ಎಕ್ಸ್ ಮತ್ತು ವೈ ಎಂದು ಹಲಗೆಯ ಮೇಲೆ ಬರೆಯುತ್ತೇವಲ್ಲ, 1905ರಲ್ಲಿ ಹಿಟ್ಟಿನ ಹುಳುವಿನಲ್ಲಿ ಅದನ್ನು ತೋರಿಸಿದವರು ಈ ಸ್ಟೀವನ್ಸ್. ಸಂಶೋಧನೆಗೆ ಬರುವ ಮೊದಲು ಅವರೂ ಶಾಲಾ ಶಿಕ್ಷಕಿಯೇ. 1912ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು ಓದುವಾಗ ತೀರ್ಥಹಳ್ಳಿಯಲ್ಲೇ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ನೆನಪಾದರು. ವೈದ್ಯೆಯಾಗಿದ್ದು, ಮೈಯ ವಿಷಯವನ್ನು ಮನೆಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಬರೆದವರು. ಅವರನ್ನೂ 1991ರಲ್ಲಿ ಕ್ಯಾನ್ಸರೇ ಒಯ್ದಿತು. ನನ್ನ ಹುಡುಗಿಯ ಪ್ರಶ್ನೆಗೆ ಅವರಾದರೆ ನಿಂತ ನಿಲುವಿನಲ್ಲಿ ಉತ್ತರ ಹೇಳುತ್ತಿದ್ದರೇನೋ.

ಮತ್ತೆ ಬೊವೆರಿಗೆ ಬರೋಣ. ಸೀ ಅರ್ಚಿನ್ ಭ್ರೂಣದ ಕೆಟ್ಟ ಕೋಶಗಳನ್ನು ನೋಡುತ್ತ ನೋಡುತ್ತ ಅವರಿಗೆ ಬೇರೊಂದು ವಿಷಯ ಹೊಳೆದಿತ್ತು. ಕ್ಯಾನ್ಸರ್ ಗಡ್ಡೆಗಳ ಕೋಶಗಳಲ್ಲಿ ವಿಭಜನೆ ವಕ್ರವಾಗಿರುತ್ತದೆ, ಎರಡು ಕಡೆಗೆ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂದು ಬರ್ಲಿನ್ನಿನ ರೋಗಶಾಸ್ತ್ರಜ್ಞ ಹಾನ್ಸೆಮಾನ್ 1890ರಲ್ಲೇ ಬರೆದಿದ್ದರು. ಬೊವೆರಿ ಎರಡನ್ನೂ ಜೋಡಿಸಿದರು. ವರ್ಣತಂತುಗಳ ತಪ್ಪು ಹಂಚಿಕೆಯಾದ ಕೋಶಗಳು ಸಾಮಾನ್ಯವಾಗಿ ಸಾಯುತ್ತವೆ. ಆದರೆ ಎಲ್ಲೋ ಒಂದು ಕೋಶ ಸಾಯದೆ, ಬೆಳೆಯುವ ಶಕ್ತಿ ಉಳಿಸಿಕೊಂಡು, ನಿಲ್ಲುವ ಶಕ್ತಿ ಕಳೆದುಕೊಂಡರೆ? 1902ರಲ್ಲೇ ಇದರ ಸುಳಿವು ಕೊಟ್ಟಿದ್ದರು. ವೈದ್ಯಲೋಕ ಅದನ್ನು ತಣ್ಣಗೆ ತಳ್ಳಿಹಾಕಿತು. ಬೊವೆರಿ ವೈದ್ಯರಲ್ಲ, ಗಡ್ಡೆಗಳ ಮೇಲೆ ಕೆಲಸ ಮಾಡಿದವರಲ್ಲ. ಕ್ಯಾನ್ಸರಿಗೆ ಕಾರಣ ಹೊರಗಿನ ಯಾವುದೋ ಪರಾವಲಂಬಿ ಜೀವಿ ಎಂದು ನಂಬಿದ್ದವರೂ ಆಗ ಬಹಳ ಜನ ಇದ್ದರು. ನನ್ನ ವಿದ್ಯಾರ್ಥಿನಿ ಕೇಳಿದ ಕೊಳೆರೋಗದ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಎಂದು ನನಗೆ ತಿಳಿದದ್ದು ಇಲ್ಲಿ. ಆ ಕಾಲದ ಪಂಡಿತರದೂ ಅದೇ ಪ್ರಶ್ನೆ.

ಹನ್ನೆರಡು ವರ್ಷ ಆ ವಿಚಾರವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಪ್ರಯೋಗದಿಂದ ಗಡ್ಡೆ ಹುಟ್ಟಿಸಿ ತೋರಿಸಲು ಪ್ರಯತ್ನಪಟ್ಟರು, ಆಗಲಿಲ್ಲ. ನಡುವೆ ಬರ್ಲಿನ್ನಿನಲ್ಲಿ ಹೊಸದಾಗಿ ಆರಂಭವಾಗಲಿದ್ದ ಕೈಸರ್ ವಿಲ್ಹೆಲ್ಮ್ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಲು ಕರೆ ಬಂತು. ಜರ್ಮನಿಯಲ್ಲಿ ಒಬ್ಬ ಜೀವವಿಜ್ಞಾನಿಗೆ ಅದಕ್ಕಿಂತ ದೊಡ್ಡ ಹುದ್ದೆ ಇರಲಿಲ್ಲ. ಅಲ್ಲಿ ಯಾರು ಯಾರು ಇರಬೇಕೆಂಬುದರ ಯೋಜನೆಯಲ್ಲೂ ತೊಡಗಿದ್ದರು. ಕೊನೆಗೆ 1913ರಲ್ಲಿ ಆರೋಗ್ಯದ ಕಾರಣಕ್ಕೆ ಬೇಡವೆಂದರು. 1914ರಲ್ಲಿ, ಯುದ್ಧ ಶುರುವಾದ ವರ್ಷ, ಅರವತ್ತು ಚಿಲ್ಲರೆ ಪುಟಗಳ ಒಂದು ತೆಳ್ಳನೆಯ ಪುಸ್ತಕ ಹೊರತಂದರು. ಮಾರಕ ಗಡ್ಡೆಗಳ ಹುಟ್ಟಿನ ಪ್ರಶ್ನೆ ಎಂಬುದು ಅದರ ವಿಷಯ. ಹೆಸರಿನಲ್ಲೇ ಅವರು ಇಟ್ಟದ್ದು ಪ್ರಶ್ನೆ ಎಂಬ ಪದ.

ಆ ಪುಸ್ತಕದ ಸಾರ ಇಷ್ಟು. ಗಡ್ಡೆ ಹುಟ್ಟುವುದು ಒಂದೇ ಒಂದು ಕೋಶದಿಂದ. ಆ ಕೋಶ ಹೊರಗಿನದಲ್ಲ, ನಮ್ಮದೇ. ಅದರ ವರ್ಣತಂತುಗಳ ಸಮತೋಲ ತಪ್ಪಿರುತ್ತದೆ, ಆ ತಪ್ಪು ಅದರ ಸಂತಾನದ ಕೋಶಗಳಿಗೆಲ್ಲ ಹೋಗುತ್ತದೆ. ವಿಭಜನೆಯನ್ನು ಮುಂದೆ ತಳ್ಳುವ ವರ್ಣತಂತುಗಳಿವೆ, ತಡೆಯುವ ವರ್ಣತಂತುಗಳೂ ಇವೆ. ತಳ್ಳುವವು ಹೆಚ್ಚಾದರೂ ಕಷ್ಟ, ತಡೆಯುವವು ಇಲ್ಲವಾದರೂ ಕಷ್ಟ. ವಿಷವಸ್ತು, ವಿಕಿರಣದಂಥವು ಈ ತಪ್ಪನ್ನು ಉಂಟುಮಾಡಬಹುದು. ಕೆಲವು ಮನೆತನಗಳಲ್ಲಿ ತಡೆಯುವ ಅಂಶವೇ ಹುಟ್ಟಿನಿಂದ ದುರ್ಬಲವಾಗಿರಬಹುದು. ಇದನ್ನೆಲ್ಲ ಅವರು ಬರೆದಾಗ ಮನುಷ್ಯನಿಗೆ 46 ವರ್ಣತಂತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಅದು ಖಚಿತವಾದದ್ದು 1956ರಲ್ಲಿ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ವಿಕಾರವಾದ ವರ್ಣತಂತು ಕಣ್ಣಿಗೆ ಬಿದ್ದದ್ದು 1960ರಲ್ಲಿ. ತಳ್ಳುವ ಜೀನ್‌ಗಳ ಮೂಲ ನಮ್ಮದೇ ಕೋಶಗಳಲ್ಲಿದೆ ಎಂದು ಬಿಷಪ್ ಮತ್ತು ವಾರ್ಮಸ್ ತೋರಿಸಿದ್ದು 1976ರಲ್ಲಿ.

ಎಲ್ಲವೂ ಸರಿಯಾಗಿತ್ತು ಎಂದು ಹೇಳಲಾರೆ. ಬಹುಧ್ರುವ ವಿಭಜನೆಯೇ ಮುಖ್ಯ ಕಾರಣ ಎಂಬುದಕ್ಕೆ ಅವರು ಹೆಚ್ಚು ಒತ್ತುಕೊಟ್ಟರು. ಇಂದು ನೋಡಿದರೆ ಇಡೀ ವರ್ಣತಂತುವೇ ಹೋಗಬೇಕಿಲ್ಲ, ಒಂದು ಜೀನ್‌ನ ಒಂದು ಅಕ್ಷರ ಬದಲಾದರೂ ಸಾಕು. ಅವರ ಸ್ವಂತ ತಪ್ಪಿನ ಒಂದು ಪ್ರಸಂಗವೂ ಇದೆ. 1889ರಲ್ಲಿ ಅವರು ಕೋಶಕೇಂದ್ರವಿಲ್ಲದ ಮೊಟ್ಟೆಯ ಚೂರಿಗೆ ಬೇರೆ ಜಾತಿಯ ಸೀ ಅರ್ಚಿನ್ ವೀರ್ಯಾಣು ಸೇರಿಸಿ, ಹುಟ್ಟಿದ ಲಾರ್ವಾ ತಂದೆಯನ್ನೇ ಹೋಲುತ್ತದೆ ಎಂದು ಪ್ರಕಟಿಸಿ ಹೆಸರಾಗಿದ್ದರು. ಅದರ ಮೇಲೆ ಅನುಮಾನಗಳು ಬಂದವು. ಕಾಯಿಲೆಯಲ್ಲೇ 1914ರಲ್ಲಿ ಕೊನೆಯ ಸಲ ನೇಪಲ್ಸಿಗೆ ಹೋಗಿ, ಇಪ್ಪತ್ತೈದು ವರ್ಷದ ಹಿಂದಿನ ಆ ಪ್ರಯೋಗವನ್ನು ಮತ್ತೆ ಮಾಡಿ, ತಪ್ಪು ಎಲ್ಲಿ ನುಸುಳಿತ್ತು ಎಂದು ತಾವೇ ಕಂಡುಹಿಡಿದರು. ಆ ಪ್ರಬಂಧ ಅಚ್ಚಾದದ್ದು ಅವರು ಹೋದ ಮೇಲೆ, 1918ರಲ್ಲಿ. ತನ್ನನ್ನು ಪ್ರಸಿದ್ಧಿಗೆ ತಂದ ಕೆಲಸವನ್ನು ತಾನೇ ತಿದ್ದುವುದಕ್ಕೆ ಕೊನೆಯ ಶಕ್ತಿ ಖರ್ಚು ಮಾಡಿದವರು ವಿಜ್ಞಾನದಲ್ಲೂ ಹೆಚ್ಚಿಲ್ಲ.

1915ರ ಅಕ್ಟೋಬರ್ 15ರಂದು, ಐವತ್ತಮೂರನೇ ಹುಟ್ಟುಹಬ್ಬ ಕಳೆದು ಮೂರು ದಿನಕ್ಕೆ, ಬೊವೆರಿ ತೀರಿಕೊಂಡರು. ಯುದ್ಧದ ಗದ್ದಲದಲ್ಲಿ ಆ ತೆಳ್ಳನೆಯ ಪುಸ್ತಕವನ್ನು ಓದಿದವರು ಕಡಿಮೆ.

ಅದನ್ನು ಉಳಿಸಿದವರು ಮಾರ್ಸೆಲಾ. ಮದುವೆಗೆ ಮೊದಲು ಶಿಕ್ಷಕಿಯಾಗಿದ್ದವರು ಅರವತ್ತು ದಾಟಿದ ಮೇಲೆ ಮತ್ತೆ ಶಿಕ್ಷಕಿಯಾದರು. 1920ರ ದಶಕದಲ್ಲಿ ಅಮೆರಿಕಕ್ಕೆ ಮರಳಿ, ನ್ಯೂ ಹೇವನ್ ಊರಿನ ಆಲ್ಬರ್ಟಸ್ ಮ್ಯಾಗ್ನಸ್ ಎಂಬ ಹೊಸ ಮಹಿಳಾ ಕಾಲೇಜಿನಲ್ಲಿ ವಿಜ್ಞಾನ ಕಲಿಸಿದರು. 1929ರಲ್ಲಿ ಗಂಡನ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. ಜರ್ಮನ್ ಬಾರದ ಸಂಶೋಧಕರಿಗೆ ಬೊವೆರಿ ತಲುಪಿದ್ದು ಅವರಿಂದ. 1950ರಲ್ಲಿ ಅವರು ತೀರಿಕೊಂಡಾಗಲೂ ಪುಸ್ತಕದ ಮಾತು ನಿಜವೋ ಸುಳ್ಳೋ ಎಂದು ತೀರ್ಮಾನವಾಗಿರಲಿಲ್ಲ.

ಈಗ ಅಜ್ಜಯ್ಯನ ಕಾಯಿಲೆಗೆ ಬರುತ್ತೇನೆ. ನಮ್ಮ ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಜೀನ್‌ಗಳಿವೆ. ಆದರೆ ಎಲ್ಲ ಕೋಶಗಳೂ ಎಲ್ಲ ಜೀನ್‌ಗಳನ್ನೂ ಬಳಸುವುದಿಲ್ಲ. ಶಾಲೆಯಲ್ಲಿ ಎಲ್ಲರ ಚೀಲದಲ್ಲೂ ಅದೇ ಪುಸ್ತಕಗಳಿದ್ದರೂ ಯಾವ ತರಗತಿಯಲ್ಲಿ ಯಾವ ಪುಟ ತೆರೆದಿದೆ ಎಂಬುದು ಬೇರೆ ಬೇರೆ. ಮೇದೋಜ್ಜೀರಕ ಗ್ರಂಥಿಯ ಕೋಶ ಟ್ರಿಪ್ಸಿನ್, ಲಿಪೇಸ್‌ನಂಥ ಕಿಣ್ವಗಳ ಪುಟ ತೆರೆದಿರುತ್ತದೆ, ಇನ್ಸುಲಿನ್ ಮಾಡುವ ಕೋಶ ಇನ್ಸುಲಿನ್ ಪುಟವನ್ನು. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಗಡ್ಡೆಯ ಕೋಶದ ಅಭಿವ್ಯಕ್ತಿಯನ್ನು ಆರೋಗ್ಯದ ಕೋಶದ ಅಭಿವ್ಯಕ್ತಿಯ ಪಕ್ಕದಲ್ಲಿ ಇಟ್ಟು ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನೋಡುವುದು ಇಂದಿನ ಕ್ಯಾನ್ಸರ್ ಸಂಶೋಧನೆಯ ಒಂದು ಮುಖ್ಯ ದಾರಿ. ನೇಪಲ್ಸಿನಲ್ಲಿ ಬೊವೆರಿ ಮಾಡಿದ್ದೂ ಇದನ್ನೇ, ಸರಿಯಾದದ್ದರ ಪಕ್ಕದಲ್ಲಿ ಕೆಟ್ಟದ್ದನ್ನು ಇಟ್ಟು ನೋಡಿದ್ದು.

ಈ ಗ್ರಂಥಿಯ ಕ್ಯಾನ್ಸರಿನಲ್ಲಿ ನಾಲ್ಕು ಜೀನ್‌ಗಳ ಹೆಸರು ಮತ್ತೆ ಮತ್ತೆ ಬರುತ್ತದೆ. 12ನೇ ವರ್ಣತಂತುವಿನ ಕೆರಾಸ್ ತಳ್ಳುವ ಜೀನ್. ಹತ್ತರಲ್ಲಿ ಒಂಬತ್ತು ಗಡ್ಡೆಗಳಲ್ಲಿ ಅದು ಕೆಟ್ಟು, ನಿಲ್ಲದೆ ತಳ್ಳುತ್ತಿರುತ್ತದೆ. ಉಳಿದ ಮೂರು ತಡೆಯುವವು, 9, 17 ಮತ್ತು 18ನೇ ವರ್ಣತಂತುಗಳ ಮೇಲಿವೆ. 18ನೆಯದರ ಮೇಲಿನ ಜೀನ್ ಅನ್ನು 1996ರಲ್ಲಿ ಗುರುತಿಸಿದವರು ಅದಕ್ಕೆ ಮೊದಲು ಇಟ್ಟ ಹೆಸರಿನ ಅರ್ಥವೇ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಕಾಣೆಯಾದದ್ದು ಎಂದು. ಈಗ ಅದಕ್ಕೆ ಸ್ಮ್ಯಾಡ್4 ಎನ್ನುತ್ತಾರೆ. ತಡೆಯುವ ವರ್ಣತಂತು ಇಲ್ಲವಾದರೆ ಎಂದು 1914ರಲ್ಲಿ ಬರೆದ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಗಲಿಲ್ಲ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ಸಂಶೋಧಕರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರ ಜೊತೆ ಸೇರಿ, ಜಗತ್ತಿನಲ್ಲಿ ಈ ಕ್ಯಾನ್ಸರಿನ ಬಗ್ಗೆ ಬಂದ ಪ್ರಬಂಧಗಳನ್ನು ಓದಿ ಒಂದು ಸಂಗ್ರಹ ಮಾಡಿ 2009ರಲ್ಲಿ ಪ್ರಕಟಿಸಿದರು. ಗಡ್ಡೆಯಲ್ಲಿ ಹೆಚ್ಚಾಗಿ ಅಭಿವ್ಯಕ್ತಗೊಳ್ಳುತ್ತವೆ ಎಂದು ವರದಿಯಾದ 2,516 ಜೀನ್‌ಗಳು ಅದರಲ್ಲಿವೆ. ಇಷ್ಟು ಕಷ್ಟಪಡುವುದು ಏಕೆಂದರೆ ಈ ಗ್ರಂಥಿ ಜಠರದ ಹಿಂದೆ ಅಡಗಿ ಕೂತಿದೆ, ಗಡ್ಡೆ ಬೆಳೆದರೂ ಬೇಗ ಗೊತ್ತಾಗುವುದಿಲ್ಲ. ಕಾಮಾಲೆಯೋ ಹೊಟ್ಟೆನೋವೋ ಕಾಣಿಸಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೆಚ್ಚಿನವರಿಗೆ ತಡವಾಗಿರುತ್ತದೆ. ಆ 2,516ರಲ್ಲಿ ಯಾವುದಾದರೂ ರಕ್ತದಲ್ಲಿ ಮೊದಲೇ ಸುಳಿವು ಕೊಟ್ಟೀತೇ ಎಂಬ ಹುಡುಕಾಟ ಅದು.

ಎರಡು ವಾರದ ನಂತರ ಅದೇ ತರಗತಿಗೆ ಒಂದು ಅವಧಿ ಕೇಳಿ ಪಡೆದೆ. ಹುಣಸೆ ಬೀಜಗಳ ಮೇಲೆ ಬಿಳಿ ಬಣ್ಣದಿಂದ 1ರಿಂದ 18ರವರೆಗೆ ಮೂರು ಜೊತೆ ಸಂಖ್ಯೆ ಬರೆದು, 54 ಬೀಜ ಒಯ್ದಿದ್ದೆ. ಊಟದ ಸ್ಟೀಲ್ ತಟ್ಟೆ, ಅದರ ಮೇಲೆ ಎರಡು ಅಡಿಪಟ್ಟಿಗಳ ಅಡ್ಡ. ಮಕ್ಕಳೇ ಬೀಜ ಸುರಿದರು, ನಾಲ್ಕು ಗುಂಪಾಗಿ ನಿಂತು ತಮ್ಮ ಭಾಗದಲ್ಲಿ ಯಾವ ಸಂಖ್ಯೆ ಇಲ್ಲ ಎಂದು ಕೂಗಿ ಹೇಳಿದರು. ವರ್ಣತಂತು ಎರಡಾಗಿ ಸೀಳುವುದನ್ನು ನಾನು ಆಟದಲ್ಲಿ ಬಿಟ್ಟಿದ್ದೆ, ಹಾಗಾಗಿ ಕೊರತೆ ನಿಜಕ್ಕಿಂತ ಹೆಚ್ಚು ಕಂಡಿತು ಎಂದು ಮೇಲ್ವಿಚಾರಕ ಉಪನ್ಯಾಸಕರು ಆಮೇಲೆ ತಿಳಿಸಿದರು. ಅದು ಸರಿಯಾದ ಮಾತು. ಮಾಡುವವರು ಒಂದೊಂದು ಬೀಜಕ್ಕೂ ಅದೇ ಸಂಖ್ಯೆಯ ಇನ್ನೊಂದನ್ನು ಜೋಡಿಸಿ, ಎರಡೂ ಬೇರೆ ಬೇರೆ ಭಾಗಕ್ಕೆ ಹೋಗುವಂತೆ ಮಾಡಬೇಕು.

ಆಮೇಲೆ ಆ ಹುಡುಗಿಗೆ ಉತ್ತರ ಹೇಳಿದೆ. ಅಜ್ಜಯ್ಯನಿಗೆ ಬಂದದ್ದು ಕೊಳೆರೋಗದ ಹಾಗೆ ಹೊರಗಿನಿಂದ ಅಂಟಿದ್ದಲ್ಲ. ಅವರದೇ ಒಂದು ಕೋಶದಲ್ಲಿ ತಪ್ಪುಗಳು ಒಂದರ ಮೇಲೊಂದು ಸೇರಿ ಆದದ್ದು, ವಯಸ್ಸಾದಂತೆ ಅದರ ಸಾಧ್ಯತೆ ಹೆಚ್ಚು, ಬೀಡಿ ಸಿಗರೇಟು ಅದನ್ನು ಇನ್ನೂ ಹೆಚ್ಚಿಸುತ್ತದೆ. ತಟ್ಟೆಯಿಂದ ಬರುವುದಿಲ್ಲ. ಮನೆತನದಲ್ಲಿ ಬರುವುದು ಸುಮಾರು ಹತ್ತರಲ್ಲಿ ಒಂದು, ಹತ್ತಿರದ ಇಬ್ಬರು ಮೂವರಿಗೆ ಬಂದಿದ್ದರೆ ವೈದ್ಯರನ್ನು ಕೇಳಬೇಕು. ಅವಳು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಟ್ಟೆಯಲ್ಲಿದ್ದ 18ನೇ ಸಂಖ್ಯೆಯ ಬೀಜವೊಂದನ್ನು ಎತ್ತಿ, ಕೊರತೆಯಿದ್ದ ಭಾಗಕ್ಕೆ ಇಟ್ಟು, ಹೀಗೆ ವಾಪಸು ಇಡಲು ಆಗುತ್ತದೆಯೇ ಎಂದು ಕೇಳಿದಳು. ಇನ್ನೂ ಆಗಿಲ್ಲ ಎಂದೆ. ಏಕೆ ಆಗಿಲ್ಲ ಎಂದು ಬೇರೊಬ್ಬ ಹುಡುಗ ಕೇಳಿದ. ಬೆಲ್ ಹೊಡೆದು ಏಳು ನಿಮಿಷವಾಗಿತ್ತು, ಮುಂದಿನ ಅವಧಿಯ ಹಿಂದಿ ಮೇಷ್ಟ್ರು ಬಾಗಿಲಲ್ಲಿ ನಿಂತು ತಟ್ಟೆಯನ್ನೇ ನೋಡುತ್ತಿದ್ದರು.